ಟಿವಿ ಸ್ಟಿಕ್‌ಗೆ ಹೊಸ ವಾಯ್ಸ್ ರಿಮೋಟ್ ತಗೊಳೋ ಮುಂಚೆ ಇಷ್ಟು ನೋಡ್ಕೊಳ್ಳಿ

ಹಾಸನದಲ್ಲಿ ಅಪ್ಪ ಅಮ್ಮ ಇರೋ ಮನೆಯಲ್ಲಿ ಟಿವಿ ಸ್ಟಿಕ್ಕಿನ (ಟಿವಿ ಹಿಂದೆ ಚುಚ್ಚಿದ್ರೆ ಇಂಟರ್ನೆಟ್ಟಿಂದ ಸಿನಿಮಾ ತೋರಿಸೋ ಕಡ್ಡಿ) ರಿಮೋಟು ಬೆಡ್‌ಶೀಟಲ್ಲಿ ಸುತ್ಕೊಂಡು ಸೀದಾ ವಾಷಿಂಗ್ ಮಷೀನಿಗೆ ಹೋಯ್ತು. "ಒಳಗೆ ಟಕ ಟಕ ಅಂತಿತ್ತು ಕಣೋ, ಅಪ್ಪನ ಜೇಬಲ್ಲಿ ಚಿಲ್ರೆ ಉಳ್ಕೊಂಡಿರ್ಬೇಕು ಅಂದ್ಕೊಂಡೆ" ಅಂತ ಅಮ್ಮ ಫೋನ್ ಮಾಡಿದ್ರು. ಮೂರು ದಿನ ಅಕ್ಕಿ ಡಬ್ಬದಲ್ಲಿ ಹೂತಿಟ್ಟು ತೆಗೆದ್ರೆ ಬಾಣದ ಗುಂಡಿಗಳು ಕೆಲಸ ಮಾಡಿದ್ವು, ಮೈಕ್ ಮಾತ್ರ ಕೈ ಕೊಟ್ಟಿತ್ತು. ಮೈಕ್ ಇಲ್ಲದ ರಿಮೋಟು ನಮ್ಮಮ್ಮಂಗೆ ಇದ್ರೂ ಅಷ್ಟೇ ಇಲ್ದಿದ್ರೂ ಅಷ್ಟೇ, ಯಾಕಂದ್ರೆ ಸ್ಕ್ರೀನ್ ಮೇಲೆ ಎಬಿಸಿಡಿ ಸಾಲಲ್ಲಿ ಒಂದೊಂದೇ ಅಕ್ಷರಕ್ಕೆ ಬಾಣ ತಳ್ಕೊಂಡು ಹೋಗೋ ಅಷ್ಟರಲ್ಲಿ ಅನ್ನಕ್ಕಿಟ್ಟ ಕುಕ್ಕರು ಮೂರು ಸಲ ಕೂಗಿರತ್ತೆ.

ನಾನು ಬೆಂಗಳೂರಲ್ಲಿ ಕೂತು ಆತುರಕ್ಕೆ ಆನ್‌ಲೈನಲ್ಲಿ ಒಂದು ರಿಮೋಟ್ ಆರ್ಡರ್ ಮಾಡ್ದೆ, 349 ರೂಪಾಯಿ, ಫೋಟೋದಲ್ಲಿ ನೋಡಿದ್ರೆ ನಮ್ಮನೆ ಹಳೇದರ ಅವಳಿ ಜವಳಿ, ಮೈಕ್ ಚಿತ್ರ ಇರೋ ಗುಂಡಿನೂ ಇತ್ತು. ಬಂತು, ಸೆಲ್ ಹಾಕಿದ್ರು, ಒತ್ತಿದ್ರು, ಏನೂ ಆಗ್ಲಿಲ್ಲ. ವಾಲ್ಯೂಮ್ ಮಾತ್ರ ಏರ್ತಿತ್ತು ಇಳೀತಿತ್ತು. ಆಮೇಲೆ ಆ ಪೇಜನ್ನ ಕೆಳಗಿನ ತನಕ ಎಳೆದು ಓದಿದ್ರೆ ಸಣ್ಣ ಅಕ್ಷರದಲ್ಲಿ "ವಾಯ್ಸ್ ಫಂಕ್ಷನ್ ಇಲ್ಲ" ಅಂತ ಬರೆದಿದ್ರು. ಮೈಕ್ ಗುಂಡಿ ಬರೀ ಅಲಂಕಾರಕ್ಕೆ. ಎರಡನೇ ಸಲ ನೆಟ್ಟಗೆ ನೋಡಿ ತಗೊಂಡೆ. ಆ ನೋಡಿದ್ದನ್ನೇ ಇಲ್ಲಿ ಬರೀತಿದೀನಿ.

ಮೊದಲು, ಹಳೇದು ನಿಜವಾಗ್ಲೂ ಸತ್ತಿದ್ಯಾ ನೋಡಿ

ರಿಮೋಟ್ ಕೆಟ್ಟೋಯ್ತು ಅಂತ ಹೇಳೋರಲ್ಲಿ ತುಂಬಾ ಜನರ ಮನೆಯಲ್ಲಿ ಕೆಟ್ಟಿರೋದು ಸೆಲ್ಲು. ವಾಯ್ಸ್ ರಿಮೋಟು ಮಾಮೂಲಿ ಟಿವಿ ರಿಮೋಟಿನ ಥರ ಅಲ್ಲ, ಮೈಕ್ ಒತ್ತಿ ಮಾತಾಡೋವಾಗ ಅಷ್ಟೂ ಹೊತ್ತು ದನಿನ ಸ್ಟಿಕ್ಕಿಗೆ ಕಳಿಸ್ತಾ ಇರತ್ತೆ, ಕರೆಂಟು ಜಾಸ್ತಿ ಎಳೆಯತ್ತೆ. ಹಂಗಾಗಿ ಅರೆಜೀವ ಇರೋ ಸೆಲ್ಲಲ್ಲಿ ಬಾಣ ಓಡತ್ತೆ, ಮೈಕ್ ಒತ್ತಿದ ತಕ್ಷಣ ಉಸಿರು ಬಿಡತ್ತೆ. ಗಡಿಯಾರದಿಂದ ತೆಗೆದ ಸೆಲ್ಲು, ಅಂಗಡಿಯವರು ಚಿಲ್ರೆ ಬದಲು ಕೊಟ್ಟ ಸೆಲ್ಲು ಇವೆಲ್ಲ ಬೇಡ. ಒಳ್ಳೆ ಆಲ್ಕಲೈನ್ ಟ್ರಿಪಲ್ ಎ ಎರಡು ಹೊಸದು ತಂದು ಹಾಕಿ, ಒಂದು ಹೊಸದು ಒಂದು ಹಳೇದು ಅಂತ ಬೆರಕೆ ಮಾಡ್ಬೇಡಿ. ಚಾರ್ಜ್ ಮಾಡೋ ಸೆಲ್ಲು 1.2 ವೋಲ್ಟಿಂದು, ಮಾಮೂಲಿದು 1.5, ಅದಕ್ಕೆ ಚಾರ್ಜ್ ಸೆಲ್ ಹಾಕಿದಾಗ ಸ್ಕ್ರೀನಲ್ಲಿ ಬ್ಯಾಟರಿ ಕಮ್ಮಿ ಅಂತ ಬೇಗ ತೋರಿಸ್ಬಹುದು, ಗಾಬರಿ ಬೇಡ.

ಸೆಲ್ ಸರಿಯಿದ್ರೆ ಆಮೇಲೆ ಪೇರಿಂಗ್, ಅಂದ್ರೆ ರಿಮೋಟನ್ನೂ ಸ್ಟಿಕ್ಕನ್ನೂ ಜೋಡಿ ಮಾಡೋದು. ಅಮೆಜಾನಿನ ಫೈರ್ ಟಿವಿ ಸ್ಟಿಕ್ ಆದ್ರೆ ಸ್ಟಿಕ್ಕಿನ ಪ್ಲಗ್ ಕಿತ್ತು ಒಂದು ನಿಮಿಷ ಬಿಟ್ಟು ಹಾಕಿ, ಹೋಮ್ ಸ್ಕ್ರೀನ್ ಬಂದ್ಮೇಲೆ ರಿಮೋಟಿನ ಹೋಮ್ ಗುಂಡಿನ 10 ಸೆಕೆಂಡ್ ಒತ್ತಿ ಹಿಡೀರಿ. ಹತ್ತು ಅಂದ್ರೆ ಹತ್ತು, ನಮ್ಮಪ್ಪನ ಥರ "ಒಂದು ಎರಡು ಹತ್ತು" ಅಂತ ಎಣಿಸಿದ್ರೆ ಆಗಲ್ಲ. ಕ್ರೋಮ್‌ಕಾಸ್ಟ್ ಗೂಗಲ್ ಟಿವಿ ಆದ್ರೆ ಬ್ಯಾಕ್ ಮತ್ತು ಹೋಮ್ ಎರಡನ್ನೂ ಒಟ್ಟಿಗೆ ಒತ್ತಿ ಹಿಡ್ಕೊಂಡ್ರೆ ರಿಮೋಟಿನ ಸಣ್ಣ ದೀಪ ಮಿಣುಕತ್ತೆ, ಆಗ ಹುಡುಕಾಟ ಶುರು ಆಗಿದೆ ಅಂತ ಅರ್ಥ.

ಇನ್ನೊಂದು ಕಾರಣ ಸ್ಟಿಕ್ಕು ಕೂತಿರೋ ಜಾಗ. ಟಿವಿ ಹಿಂದೆ ಗೋಡೆಗೆ ಒತ್ಕೊಂಡು, ಕೇಬಲ್ ಗೊಂಚಲು ಮಧ್ಯೆ ಸಿಕ್ಕಾಕ್ಕೊಂಡಿದ್ರೆ ರಿಮೋಟಿನ ಸಿಗ್ನಲ್ಲು ಅಲ್ಲೇ ತಡವರಿಸತ್ತೆ. ಡಬ್ಬಿ ಒಳಗೆ ಟಿವಿಗೂ ಸ್ಟಿಕ್ಕಿಗೂ ಮಧ್ಯೆ ಹಾಕೋ ಗೇಣುದ್ದದ ಒಂದು ಎಚ್‌ಡಿಎಂಐ ಎಕ್ಸ್‌ಟೆಂಡರ್ ಕೊಟ್ಟಿರ್ತಾರೆ, ಮುಕ್ಕಾಲುವಾಸಿ ಜನ ಅದನ್ನ ಡಬ್ಬಿ ಸಮೇತ ಅಟ್ಟಕ್ಕೆ ಹಾಕಿರ್ತಾರೆ. ಅದನ್ನ ತೆಗೆದು ಹಾಕಿ ಸ್ಟಿಕ್ಕನ್ನ ಸ್ವಲ್ಪ ಈಚೆಗೆ ಎಳೀರಿ. ಸ್ಟಿಕ್ಕಿಗೆ ಕರೆಂಟು ಟಿವಿಯ ಯುಎಸ್‌ಬಿಯಿಂದ ಕೊಟ್ಟಿದ್ರೆ ಅದನ್ನೂ ಕಿತ್ತು ಅದರದ್ದೇ ಅಡಾಪ್ಟರಿಗೆ ಹಾಕಿ ಗೋಡೆ ಸಾಕೆಟ್ಟಿಗೆ ಚುಚ್ಚಿ.

ಹೊಸ ರಿಮೋಟ್ ಬರೋ ತನಕ ಟಿವಿ ನೋಡೋದು ಹೆಂಗೆ ಅಂದ್ರೆ ಎರಡು ದಾರಿ ಇದೆ. ಒಂದು, ಟಿವಿಯದ್ದೇ ರಿಮೋಟಲ್ಲಿ ಸ್ಟಿಕ್ಕನ್ನ ಓಡಿಸೋದು, ಇದಕ್ಕೆ ಟಿವಿಯಲ್ಲಿ ಎಚ್‌ಡಿಎಂಐ ಸಿಇಸಿ ಅನ್ನೋದು ಆನ್ ಆಗಿರ್ಬೇಕು. ಮಜಾ ಏನಂದ್ರೆ ಸುಮಾರು ಕಂಪನಿಗಳು ಅದನ್ನ ಆ ಹೆಸರಲ್ಲಿ ಕರೆಯಲ್ಲ, ಸ್ಯಾಮ್‌ಸಂಗಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಆನ್ ಮಾಡಿದ್ರೆ ಬಾಣ, ಓಕೆ, ಬ್ಯಾಕ್ ಇಷ್ಟಂತೂ ನಡೆಯತ್ತೆ. ಎರಡನೇ ದಾರಿ ಫೋನ್ ಆ್ಯಪ್. ಫೈರ್ ಟಿವಿಗೆ ಅದರದ್ದೇ ಆ್ಯಪ್ ಇದೆ, ಗೂಗಲ್ ಟಿವಿ, ಆಂಡ್ರಾಯ್ಡ್ ಟಿವಿಗೆ ಗೂಗಲ್ ಹೋಮ್ ಆ್ಯಪಲ್ಲೇ ರಿಮೋಟ್ ಇದೆ, ಎರಡರಲ್ಲೂ ಮೈಕ್ ಇರತ್ತೆ. ಫೋನು ಸ್ಟಿಕ್ಕು ಎರಡೂ ಒಂದೇ ವೈಫೈಯಲ್ಲಿ ಇರ್ಬೇಕು ಅಷ್ಟೇ.

ಇಲ್ಲೊಂದು ಗಂಟು ಬೀಳತ್ತೆ. ಮನೆ ಬದಲಾಯಿಸಿದ್ರಿ, ವೈಫೈ ಹೊಸದು, ರಿಮೋಟ್ ಎಲ್ಲೋ ಕಳೆದೋಗಿದೆ ಅಂತಿಟ್ಕೊಳ್ಳಿ. ಸ್ಟಿಕ್ಕು ಹಳೇ ವೈಫೈನೇ ಹುಡುಕ್ತಾ ಕೂತಿರತ್ತೆ, ಹೊಸದನ್ನ ಹೇಳಿಕೊಡೋಕೆ ರಿಮೋಟ್ ಬೇಕು, ಆ್ಯಪ್ ಓಡಬೇಕು ಅಂದ್ರೆ ವೈಫೈ ಬೇಕು. ಮನೆಯಲ್ಲಿರೋ ಇನ್ನೊಂದು ಫೋನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿ ಅದಕ್ಕೆ ಹಳೇ ವೈಫೈ ಹೆಸರು, ಹಳೇ ಪಾಸ್‌ವರ್ಡು ಅಕ್ಷರ ಬಿಡದೆ ಹಾಗೇ ಕೊಡಿ. ಸ್ಟಿಕ್ಕು ಇದೇ ನಮ್ಮನೆ ಅಂತ ಬಂದು ಕೂರತ್ತೆ. ನಿಮ್ಮ ಫೋನನ್ನೂ ಅದಕ್ಕೇ ಸೇರಿಸಿ ಆ್ಯಪ್ ತೆಗೀರಿ, ಸೆಟ್ಟಿಂಗ್ಸಿಗೆ ಹೋಗಿ ಹೊಸ ವೈಫೈ ಹಾಕಿ.

ರಿಮೋಟು ಸ್ಟಿಕ್ಕಿನ ಜೊತೆ ಹೆಂಗೆ ಮಾತಾಡತ್ತೆ

ಹೊಸದೇ ಬೇಕು ಅಂತಾದ್ರೆ ಬಣ್ಣ, ಗುಂಡಿ, ರೇಟು ಎಲ್ಲಕ್ಕಿಂತ ಮೊದಲು ಕೇಳ್ಬೇಕಾದ ಪ್ರಶ್ನೆ ಇದು, ನಾನು 349 ರೂಪಾಯಿ ಹೊಳೇಲಿ ಹುಣಸೆಹಣ್ಣು ತೊಳೆದ ಹಂಗೆ ಕಳ್ಕೊಂಡಿದ್ದು ಇದನ್ನ ಕೇಳದೇ.

ಹಳೇ ಕಾಲದ ಟಿವಿ ರಿಮೋಟು, ಕೇಬಲ್ ಸೆಟ್‌ಟಾಪ್ ಬಾಕ್ಸ್ ರಿಮೋಟು ಇವೆಲ್ಲ ಐಆರ್, ಅಂದ್ರೆ ಮುಂದಿನ ಸಣ್ಣ ಬಲ್ಬಿಂದ ಕಣ್ಣಿಗೆ ಕಾಣದ ಬೆಳಕು ಹೊಡೆಯತ್ತೆ, ಎದುರಿಗೆ ಇರೋ ಪೆಟ್ಟಿಗೆ ಆ ಬೆಳಕನ್ನ ನೋಡ್ಬೇಕು. ಮಧ್ಯ ಯಾರಾದ್ರೂ ನಿಂತ್ರೆ ಮುಗೀತು. ಸ್ಟಿಕ್ಕು ಇರೋದು ಟಿವಿ ಬೆನ್ನಿಗೆ, ಅಲ್ಲಿಗೆ ಬೆಳಕು ಹೋಗೋದು ಎಲ್ಲಿಂದ? ಅದಕ್ಕೇ ಫೈರ್ ಟಿವಿ ಸ್ಟಿಕ್ಕಲ್ಲಿ ಐಆರ್ ಹಿಡಿಯೋ ಕಣ್ಣೇ ಇಟ್ಟಿಲ್ಲ. ರಿಮೋಟು ಅದರ ಜೊತೆ ಬ್ಲೂಟೂತಲ್ಲಿ ಮಾತಾಡತ್ತೆ. ದನಿ ಕಳಿಸ್ಬೇಕು ಅಂದ್ರೂ ಬ್ಲೂಟೂತ್ ಥರದ್ದೇ ಬೇಕು, ಬರೀ ಐಆರ್ ರಿಮೋಟಲ್ಲಿ ನಿಮ್ಮ ಮಾತು ಸ್ಟಿಕ್ಕಿಗೆ ಹೋಗೋಕೆ ದಾರಿನೇ ಇಲ್ಲ.

ಆದ್ರೆ ಗೊಂದಲ ಆಗೋದು ಎಲ್ಲಿ ಅಂದ್ರೆ ಒಂದೇ ರಿಮೋಟಲ್ಲಿ ಎರಡೂ ಇರತ್ತೆ. ಬಾಣ, ಹೋಮ್, ಮೈಕ್ ಇವು ಬ್ಲೂಟೂತಲ್ಲಿ ಸ್ಟಿಕ್ಕಿಗೆ ಹೋಗತ್ತೆ, ವಾಲ್ಯೂಮು ಮತ್ತು ಪವರ್ ಗುಂಡಿ ಐಆರಲ್ಲಿ ನೇರ ಟಿವಿಗೆ ಹೋಗತ್ತೆ. ಹಾಗಾಗಿ ವಾಲ್ಯೂಮ್ ಓಡ್ತಿದೆ ಬಾಣ ಓಡ್ತಿಲ್ಲ ಅಂದ್ರೆ ಪೇರಿಂಗ್ ತೊಂದರೆ, ಇಲ್ಲ ನನ್ನ ಥರ ಡೂಪ್ಲಿಕೇಟ್ ತಗೊಂಡಿದೀರಿ. ಬಾಣ ಓಡ್ತಿದೆ ವಾಲ್ಯೂಮ್ ಓಡ್ತಿಲ್ಲ ಅಂದ್ರೆ ಸೆಟ್ಟಿಂಗ್ಸಲ್ಲಿ ಎಕ್ವಿಪ್‌ಮೆಂಟ್ ಕಂಟ್ರೋಲ್‌ಗೆ ಹೋಗಿ ನಿಮ್ಮ ಟಿವಿ ಕಂಪನಿ ಆರಿಸ್ಬೇಕು, ಅದು ಒಂದೊಂದೇ ಕೋಡ್ ಹೊಡೆದು ದನಿ ಏರ್ತಾ ಅಂತ ಕೇಳತ್ತೆ, ಏರೋ ತನಕ ಇಲ್ಲ ಇಲ್ಲ ಅಂತ ಹೇಳ್ತಾ ಹೋಗಿ.

ಐಆರ್ ಬಲ್ಬ್ ಉರೀತಿದ್ಯಾ ಇಲ್ವಾ ನೋಡೋಕೆ ಎಲೆಕ್ಟ್ರಿಷಿಯನ್ ಬೇಡ. ಫೋನ್ ಕ್ಯಾಮೆರಾ ಆನ್ ಮಾಡಿ, ರಿಮೋಟಿನ ಮೂತಿನ ಅದಕ್ಕೆ ತೋರಿಸಿ, ವಾಲ್ಯೂಮ್ ಗುಂಡಿ ಒತ್ತಿ. ಸ್ಕ್ರೀನಲ್ಲಿ ನೇರಳೆ ಬಣ್ಣದ ಚುಕ್ಕೆ ಮಿಣುಕ್ ಮಿಣುಕ್ ಅಂದ್ರೆ ಬಲ್ಬು ಸರಿ ಇದೆ. ಕೆಲವು ಫೋನಿನ ಹಿಂದಿನ ಕ್ಯಾಮೆರಾ ಆ ಬೆಳಕನ್ನ ತಡೆದುಬಿಡತ್ತೆ, ಆಗ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ಅಂಗಡಿಯಲ್ಲೂ ಇದು ಉಪಯೋಗಕ್ಕೆ ಬರತ್ತೆ: ಬಾಣದ ಗುಂಡಿ ಒತ್ತಿದಾಗಲೂ ಬಲ್ಬು ಮಿಣುಕ್ತಿದ್ರೆ ಅದು ಬಾಣನೂ ಐಆರಲ್ಲೇ ಕಳಿಸೋ ರಿಮೋಟು ಅಂತ ಅನುಮಾನ ಪಡಿ.

ಅಮೆರಿಕದಲ್ಲಿರೋ ನಮ್ಮ ಕಡೆಯವರ ಮನೆಯಲ್ಲಿ ರೋಕು ಅನ್ನೋ ಕಂಪನಿಯ ಸ್ಟಿಕ್ಕು, ಪೆಟ್ಟಿಗೆ ಜಾಸ್ತಿ. ಅದರ ಸ್ಟಿಕ್ಕಿನ ವಾಯ್ಸ್ ರಿಮೋಟು ವೈಫೈ ಡೈರೆಕ್ಟ್ ಅನ್ನೋದ್ರಲ್ಲಿ ಮಾತಾಡತ್ತೆ, ಕಮ್ಮಿ ಬೆಲೆಯ ಎಕ್ಸ್‌ಪ್ರೆಸ್ ಪೆಟ್ಟಿಗೆಗಳ ಜೊತೆ ಬರೋ ಸಿಂಪಲ್ ರಿಮೋಟು ಐಆರ್, ಅದರಲ್ಲಿ ಮೈಕೇ ಇಲ್ಲ. ಎರಡೂ ನೋಡೋಕೆ ಅಣ್ಣ ತಮ್ಮ ಇದ್ದಂಗೆ ಇರತ್ತೆ, ಮಗಳ ಮನೆಗೆ ಹೋದ ಅತ್ತೆ ಮಾವ ಯಾವುದಕ್ಕೆ ಯಾವುದು ಅಂತ ತಿಳೀದೆ ಒತ್ತುತ್ತಾ ಕೂತಿರ್ತಾರೆ. ಆಪಲ್ ಟಿವಿಯವರಿಗೆ ಈ ತಲೆನೋವು ಕಮ್ಮಿ, ಸಿರಿ ರಿಮೋಟಲ್ಲಿ ಸೆಲ್ಲೇ ಇಲ್ಲ, ಚಾರ್ಜ್ ಮಾಡ್ಕೋಬೇಕು, 2021ರದ್ದು ಲೈಟ್ನಿಂಗ್ ಕೇಬಲ್, 2022ರಿಂದ ಟೈಪ್ ಸಿ.

ನಿಮ್ಮ ಹತ್ರ ಇರೋದು ಯಾವುದು

ಎಲ್ಲದಕ್ಕೂ ಆಗೋ ರಿಮೋಟ್ ಅಂತ ಮಾರ್ತಾರಲ್ಲ, ಅದನ್ನ ನಂಬ್ಬೇಡಿ. ಮೊದಲು ಸ್ಟಿಕ್ಕಿನ ಹೆಸರು ಪೂರ್ತಿ ಬರ್ಕೊಳ್ಳಿ. ಫೈರ್ ಟಿವಿಯಲ್ಲಿ ಸೆಟ್ಟಿಂಗ್ಸ್, ಮೈ ಫೈರ್ ಟಿವಿ, ಅಬೌಟ್. ಗೂಗಲ್ ಟಿವಿಯಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್. ಆ ಸ್ಕ್ರೀನಿನ ಫೋಟೋ ಫೋನಲ್ಲಿ ಇಟ್ಕೊಂಡ್ರೆ ಅಂಗಡಿಗೆ ಹೋದಾಗ "ಕಪ್ಪು ಬಣ್ಣದ್ದು ಇರತ್ತಲ್ಲ ಅದು" ಅಂತ ವಿವರಿಸೋ ಪಾಡು ತಪ್ಪತ್ತೆ.

ಫೈರ್ ಟಿವಿ ಸ್ಟಿಕ್ಕು ನಮ್ಮ ದೇಶಕ್ಕೆ ಬಂದಿದ್ದು 2017ರಲ್ಲಿ. ಆವಾಗ ಬಂದ ರಿಮೋಟಲ್ಲಿ ಮೈಕ್ ಇತ್ತು, ವಾಲ್ಯೂಮ್ ಇರ್ಲಿಲ್ಲ, ಟಿವಿ ರಿಮೋಟು ಇದರ ರಿಮೋಟು ಎರಡೂ ಕೈಯಲ್ಲಿ ಹಿಡ್ಕೊಂಡು ಕೂರ್ಬೇಕಿತ್ತು. 2018ರಲ್ಲಿ 4ಕೆ ಸ್ಟಿಕ್ಕಿನ ಜೊತೆ ಬಂದದ್ದರಲ್ಲಿ ಪವರ್, ವಾಲ್ಯೂಮ್, ಮ್ಯೂಟ್ ಸೇರ್ತು. 2021ರ ಮೂರನೇ ತಲೆಮಾರಿನದ್ದರಲ್ಲಿ ಕೆಳಗೆ ನಾಲ್ಕು ಆ್ಯಪ್ ಗುಂಡಿ ಬಂತು. ಮಧ್ಯೆ 2020ರಲ್ಲಿ ಲೈಟ್ ಸ್ಟಿಕ್ ಬಂತಲ್ಲ, ಅದರ ಲೈಟ್ ರಿಮೋಟಲ್ಲಿ ಮೈಕ್ ಇದೆ, ಟಿವಿಯ ಪವರ್ ವಾಲ್ಯೂಮ್ ಇಲ್ಲ. ತುಂಬಾ ಜನ ರೇಟ್ ಕಮ್ಮಿ ಅಂತ ಲೈಟ್ ರಿಮೋಟ್ ತಗೊಂಡು ಆಮೇಲೆ ವಾಲ್ಯೂಮ್ ಎಲ್ಲಿ ಅಂತ ಹುಡುಕ್ತಾರೆ.

ಒಳ್ಳೆ ಸುದ್ದಿ ಏನಂದ್ರೆ ವಾಲ್ಯೂಮ್ ಇರೋ ಆ ರಿಮೋಟುಗಳು 2017ರ ಆ ಹಳೇ ಸ್ಟಿಕ್ಕಿಗೂ ಆಗತ್ತೆ, ಲೈಟ್ ಸ್ಟಿಕ್ಕಿಗೂ ಆಗತ್ತೆ. ಅಂದ್ರೆ ಸ್ಟಿಕ್ ಬದಲಾಯಿಸದೇ ರಿಮೋಟ್ ಒಂದನ್ನೇ ಮೇಲ್ದರ್ಜೆಗೆ ಏರಿಸ್ಕೋಬಹುದು, ಎರಡು ರಿಮೋಟ್ ಕಾಟ ಹೋಗತ್ತೆ. ಆಗದೇ ಇರೋದು ಯಾವುದಕ್ಕೆ ಅಂದ್ರೆ ವಿದೇಶದಿಂದ ಯಾರೋ ತಂದುಕೊಟ್ಟ ಮೊಟ್ಟಮೊದಲ ಸ್ಟಿಕ್ಕು, ಮೊದಲೆರಡು ತಲೆಮಾರಿನ ಫೈರ್ ಟಿವಿ ಪೆಟ್ಟಿಗೆ, ಆಮೇಲೆ ಒಳಗೇ ಫೈರ್ ಟಿವಿ ಇರೋ ಟಿವಿಗಳು. ಟಿವಿಗಳಿಗೆ ಅದೇ ಟಿವಿ ಕಂಪನಿಯ ರಿಮೋಟೇ ಕೇಳಿ ತಗೊಳ್ಳಿ.

ಕ್ರೋಮ್‌ಕಾಸ್ಟ್ ಗೂಗಲ್ ಟಿವಿದು ಬೇರೆ ಕಥೆ, ಗೂಗಲ್ 2024ರಲ್ಲಿ ಕ್ರೋಮ್‌ಕಾಸ್ಟ್ ಮಾಡೋದನ್ನೇ ನಿಲ್ಲಿಸ್ತು, ಹಾಗಾಗಿ ಒರಿಜಿನಲ್ ರಿಮೋಟ್ ಸಿಕ್ಕಾಗ ಒಂದು ಜಾಸ್ತಿ ತೆಗೆದಿಟ್ಕೊಂಡ್ರೆ ತಪ್ಪೇನಿಲ್ಲ. ಅದರ ವಾಲ್ಯೂಮ್ ಗುಂಡಿ ಮುಖದ ಮೇಲಿಲ್ಲ, ಬಲಪಕ್ಕದ ಅಂಚಲ್ಲಿದೆ, ಫೋನಿನ ಥರ. ಚಿಕ್ಕವರಿಗೆ ಅಭ್ಯಾಸ ಆಗತ್ತೆ, ವಯಸ್ಸಾದವರು ಮುಖ ನೋಡ್ತಾ ನೋಡ್ತಾ ವಾಲ್ಯೂಮೇ ಕೊಟ್ಟಿಲ್ಲ ಅಂತಾರೆ. ಟಾಟಾ ಪ್ಲೇ, ಏರ್‌ಟೆಲ್, ಜಿಯೋ ಇವರ ಆಂಡ್ರಾಯ್ಡ್ ಪೆಟ್ಟಿಗೆ ಇರೋರು ಹೊರಗಡೆ ಹುಡುಕೋ ಮುಂಚೆ ಅವರ ಕಸ್ಟಮರ್ ಕೇರಿಗೇ ಫೋನ್ ಮಾಡಿ, ಪೆಟ್ಟಿಗೆ ಅವರದ್ದೇ ಆದ್ರಿಂದ ಸರಿಯಾದ ರಿಮೋಟ್ ಯಾವುದು ಅಂತ ಅವರಿಗೇ ಗೊತ್ತಿರತ್ತೆ.

ಮೈಕ್, ಭಾಷೆ, ಮತ್ತೆ ನಮ್ಮಮ್ಮ

ವಾಯ್ಸ್ ರಿಮೋಟ್ ಅಂದಾಕ್ಷಣ ಕನ್ನಡ ಅರ್ಥ ಆಗತ್ತೆ ಅಂದ್ಕೋಬೇಡಿ. ರಿಮೋಟಲ್ಲಿ ಇರೋದು ಬರೀ ಮೈಕು, ಅರ್ಥ ಮಾಡ್ಕೊಳೋದು ಎಲ್ಲೋ ದೂರದ ಸರ್ವರು. ಅಂದ್ರೆ ಎಷ್ಟೇ ದುಬಾರಿ ರಿಮೋಟ್ ತಗೊಂಡ್ರೂ ಭಾಷೆ ಬದಲಾಗಲ್ಲ, ಅದು ಸ್ಟಿಕ್ಕಿನ ಕಂಪನಿ ಕೈಲಿರೋದು. ಫೈರ್ ಟಿವಿಯಲ್ಲಿ ನಮ್ಮ ಮಾತು ಕೇಳಿಸ್ಕೊಳೋ ಅಲೆಕ್ಸಾ ಮೊದಲು ಇಲ್ಲಿಯ ಇಂಗ್ಲಿಷಲ್ಲಿ ಶುರುವಾಯ್ತು, 2019ರಲ್ಲಿ ಹಿಂದಿ ಸೇರಿಸಿದ್ರು, ನಾನಿದನ್ನ ಬರೆಯೋ ಹೊತ್ತಿಗೂ ಅದರ ಭಾಷೆ ಪಟ್ಟಿಯಲ್ಲಿ ಕನ್ನಡ ಇಲ್ಲ. ಇದರ ಬಗ್ಗೆ ನಂಗೆ ಸಿಟ್ಟಿದೆ, ಆದ್ರೆ ರಿಮೋಟ್ ಆರಿಸೋ ವಿಷಯಕ್ಕೆ ಆ ಸಿಟ್ಟು ಉಪಯೋಗಕ್ಕೆ ಬರಲ್ಲ ಬಿಡಿ.

ಹಾಗಂತ ಕೈ ಚೆಲ್ಲಿ ಕೂರೋ ಅಗತ್ಯನೂ ಇಲ್ಲ. ಸಿನಿಮಾ ಹೆಸರು, ನಟರ ಹೆಸರು ಕನ್ನಡದ್ದೇ ಹೇಳಿದ್ರೂ ಸುಮಾರು ಸಲ ಹಿಡಿಯತ್ತೆ, ಸುತ್ತಮುತ್ತಲಿನ ಮಾತು ಇಂಗ್ಲಿಷಲ್ಲಿ ಇದ್ರೆ ಸಾಕು. ನಮ್ಮಮ್ಮ ಮೊದಲ ದಿನ ಗುಂಡಿ ಒತ್ತಿ "ಆ ರಾಜ್‌ಕುಮಾರ್ ಪಿಚ್ಚರ್ ಹಾಕಪ್ಪ ಒಂದು" ಅಂದ್ರು, ಟಿವಿಯಲ್ಲಿ ಹಿಂದಿಯ ರಾಜ್‌ಕುಮಾರ್ ರಾವ್ ಸಿನಿಮಾಗಳು ಸಾಲಾಗಿ ಬಂದು ನಿಂತ್ವು. ಅಮ್ಮ ಕನ್ನಡಕ ಸರಿಮಾಡ್ಕೊಂಡು "ಇವನ್ಯಾರೋ" ಅಂದ್ರು. ಆಮೇಲೆ "ಡಾಕ್ಟರ್ ರಾಜ್‌ಕುಮಾರ್ ಕನ್ನಡ ಮೂವೀಸ್" ಅಂತ ಹೇಳೋದು ರೂಢಿ ಮಾಡ್ಸಿದೆ, ಈಗ ಸರಿಯಾಗಿ ಬರತ್ತೆ. ಕನ್ನಡ ಅನ್ನೋ ಪದ, ಮೂವೀಸ್ ಅನ್ನೋ ಪದ, ಹೆಸರು, ಈ ಮೂರೂ ಇರ್ಬೇಕು. ಆ್ಯಪ್ ಹೆಸರನ್ನೂ ಸೇರಿಸಿದ್ರೆ ಇನ್ನೂ ಒಳ್ಳೇದು, ಯೂಟ್ಯೂಬಲ್ಲಿ ಅಂತಲೋ ಸನ್ ನೆಕ್ಸ್ಟಲ್ಲಿ ಅಂತಲೋ.

ಶುದ್ಧ ಕನ್ನಡದಲ್ಲೇ ಹುಡುಕ್ಬೇಕು ಅನ್ನೋರಿಗೆ ಫೋನೇ ಗತಿ. ಗೂಗಲ್ ಕೀಬೋರ್ಡಲ್ಲಿ 2017ರಿಂದಲೇ ಕನ್ನಡ ಮಾತಾಡಿ ಬರೆಸೋ ಸೌಲಭ್ಯ ಇದೆ. ಫೋನಿನ ಯೂಟ್ಯೂಬಲ್ಲಿ ಹಾಗೆ ಹೇಳಿ ಹರಿಕಥೆನೋ ಯಕ್ಷಗಾನನೋ ಹುಡುಕಿ, ಮೇಲೆ ಕಾಸ್ಟ್ ಗುರುತು ಒತ್ತಿ ಟಿವಿಗೆ ಕಳಿಸಿ. ನಮ್ಮಪ್ಪ ಹೀಗೇ ಮಾಡೋದು, ಅವರಿಗೆ ರಿಮೋಟಿನ ಮೈಕ್ ಮೇಲೆ ನಂಬಿಕೆ ಇಲ್ಲ.

ಇನ್ನು ಗುಂಡಿ ಒತ್ತೋ ರೀತಿ. ಹೆಚ್ಚಿನ ರಿಮೋಟಲ್ಲಿ ಮಾತು ಮುಗಿಯೋ ತನಕ ಗುಂಡಿ ಒತ್ತಿ ಹಿಡ್ಕೊಂಡೇ ಇರ್ಬೇಕು. ವಯಸ್ಸಾದವರು ಕಾಲಿಂಗ್ ಬೆಲ್ ಒತ್ತಿದ ಹಾಗೆ ಒಂದು ಸಲ ಒತ್ತಿ ಬಿಟ್ಟು ಮಾತಾಡ್ತಾರೆ, ಅದು ಕೇಳಿಸ್ಕೊಳ್ಳಲ್ಲ, ಅವರು ಇನ್ನೂ ಜೋರಾಗಿ ಕೂಗ್ತಾರೆ. ಮೈಕಿನ ತೂತು ರಿಮೋಟಿನ ಮೇಲ್ಭಾಗದಲ್ಲಿ ಸೂಜಿಮೊನೆಯಷ್ಟು ಇರತ್ತೆ, ಮಾತಾಡೋವಾಗ ಅದನ್ನ ಹೆಬ್ಬೆರಳಲ್ಲಿ ಮುಚ್ಚಿರ್ತಾರೆ ಕೂಡ. ಹೊಸ ರಿಮೋಟ್ ಕೊಟ್ಟ ದಿನ ಪಕ್ಕ ಕೂತು "ಒತ್ತು, ಹಿಡ್ಕೋ, ಹೇಳು, ಬಿಡು" ಅಂತ ನಾಲ್ಕು ಸಲ ಮಾಡ್ಸಿ, ಇಲ್ಲಾಂದ್ರೆ ರಿಮೋಟ್ ಸರಿ ಇಲ್ಲ ಅಂತ ನಿಮಗೇ ಫೋನ್ ಬರತ್ತೆ.

ಮನೆಯಲ್ಲಿ ಆಡಿದ್ದೆಲ್ಲ ಕೇಳಿಸ್ಕೊಳ್ಳತ್ತಾ ಅಂತ ಹೆದರೋರಿಗೆ ಈ ಒತ್ತಿ ಹಿಡಿಯೋ ಥರದ್ದೇ ವಾಸಿ, ಗುಂಡಿ ಒತ್ತಿದಾಗ ಮಾತ್ರ ಮೈಕ್ ತೆರೆಯತ್ತೆ. ಕೂಗಿದ್ರೆ ಓಗೊಡೋ ಥರದ್ದು ಬೇರೆ, ಫೈರ್ ಟಿವಿ ಕ್ಯೂಬ್, ರೋಕುವಿನ ಪ್ರೋ ರಿಮೋಟ್ ಅಂಥವು, ಅವು ಹೆಸರು ಕರೆಯೋದನ್ನೇ ಕಾಯ್ತಾ ಇರತ್ತೆ, ಆ ಮೈಕನ್ನ ಆಫ್ ಮಾಡೋ ಸ್ವಿಚ್ ಅಥವಾ ಗುಂಡಿ ಎಲ್ಲಿದೆ ಅಂತ ಮೊದಲೇ ನೋಡಿಟ್ಕೊಳ್ಳಿ. ಹೇಳಿದ ಮಾತಿನ ದಾಖಲೆ ಅಲೆಕ್ಸಾ ಆದ್ರೆ ಅಲೆಕ್ಸಾ ಆ್ಯಪಿನ ಪ್ರೈವಸಿ ಜಾಗದಲ್ಲಿ, ಗೂಗಲ್ ಆದ್ರೆ ಮೈ ಆ್ಯಕ್ಟಿವಿಟಿಯಲ್ಲಿ ನೋಡಿ ಅಳಿಸ್ಬಹುದು. ಮಕ್ಕಳಿರೋ ಮನೆ ಆದ್ರೆ ಖರೀದಿಗೆ ಪಿನ್ ಹಾಕಿಡಿ, ಮಾತಲ್ಲೇ ಎಲ್ಲ ಆಗೋ ಹಾಗಿದ್ರೆ ಮಕ್ಕಳು ನಮಗಿಂತ ಚುರುಕು.

ಕೈಗೆ ಹಿಡಿದಾಗ

ಇದನ್ನ ಬೇಗ ಮುಗಿಸ್ತೀನಿ. ಆ್ಯಪ್ ಗುಂಡಿಗಳಿಗೆ ಮರುಳಾಗ್ಬೇಡಿ, ಆ ನಾಲ್ಕರಲ್ಲಿ ನೀವು ದುಡ್ಡು ಕಟ್ಟಿರೋದು ಒಂದಕ್ಕೋ ಎರಡಕ್ಕೋ, ಉಳಿದವು ಕತ್ತಲಲ್ಲಿ ತಪ್ಪಿ ಒತ್ತೋಕೆ ಅಂತಲೇ ಇರೋದು. ಕತ್ತಲಲ್ಲಿ ನೋಡೋರಿಗೆ ಗುಂಡಿಗೆ ದೀಪ ಇರೋದು ಅನುಕೂಲ. ರಿಮೋಟ್ ಕಳ್ಕೊಳೋ ಮನೆಗೆ ಫೋನ್ ಆ್ಯಪಲ್ಲಿ ಒತ್ತಿದ್ರೆ ಕೂಗೋ ಥರದ್ದು ಬೇಕು, ರೋಕು ಪ್ರೋದಲ್ಲೂ ಅಲೆಕ್ಸಾ ಪ್ರೋ ರಿಮೋಟಲ್ಲೂ ಅದಿದೆ. ಅಷ್ಟು ದುಡ್ಡು ಬೇಡ ಅಂದ್ರೆ ಗಾಢ ಬಣ್ಣದ ಸಿಲಿಕಾನ್ ಕವರ್ ಹಾಕಿ, ಕಪ್ಪು ಸೋಫಾ ಮೇಲೆ ಕಪ್ಪು ರಿಮೋಟು ಕಾಣಲ್ಲ, ಕೇಸರಿ ಬಣ್ಣದ್ದು ಕಾಣತ್ತೆ. ಬಿಳಿ ಬೆಡ್‌ಶೀಟಲ್ಲೂ ಕಾಣತ್ತೆ ಅಂತ ನಾನು ನಂಬಿದೀನಿ.

ತಗೊಳೋದು, ಜೋಡಿಸೋದು

ಬೆಂಗಳೂರಿನ ಎಸ್‌ಪಿ ರೋಡಲ್ಲಿ ರಿಮೋಟ್ ಅಂಗಡಿಗಳಿವೆ, ಗೋಡೆ ತುಂಬ ರಿಮೋಟು ನೇತಾಕಿರ್ತಾರೆ, ನೋಡೋಕೇ ಒಂಥರಾ ಖುಷಿ. ಅಲ್ಲಿ "ಅಣ್ಣ, ವಾಯ್ಸ್ ಇದ್ಯಾ" ಅಂತ ಕೇಳಿದ್ರೆ ಎಲ್ಲರೂ ಇದೆ ಅಂತಾರೆ. ಕೇಳ್ಬೇಕಾದ್ದು ಹಿಂಗೆ: "ಬ್ಲೂಟೂತಾ ಐಆರಾ? ಪೇರ್ ಮಾಡಿ ತೋರಿಸ್ತೀರಾ? ಆಗ್ಲಿಲ್ಲ ಅಂದ್ರೆ ವಾಪಸ್ ತಗೋತೀರಾ?" ಆಗಬಹುದಾದ್ರೆ ಸ್ಟಿಕ್ಕನ್ನೇ ಜೇಬಲ್ಲಿ ಹಾಕ್ಕೊಂಡು ಹೋಗಿ, ಹೆಬ್ಬೆರಳು ಗಾತ್ರದ್ದು, ಭಾರ ಏನಿಲ್ಲ. ಅವರ ಅಂಗಡಿ ಟಿವಿಗೆ ಚುಚ್ಚಿ, ನಿಮ್ಮ ಫೋನಿನ ಹಾಟ್‌ಸ್ಪಾಟ್ ಕೊಟ್ಟು, ಮೈಕಲ್ಲಿ ಒಂದು ಹೆಸರು ಹೇಳಿ ಬಂದ್ಮೇಲೆ ದುಡ್ಡು ಕೊಡಿ.

ಆನ್‌ಲೈನ್ ಆದ್ರೆ "ಕಂಪ್ಯಾಟಿಬಲ್ ವಿತ್" ಅಂತ ಶುರುವಾಗೋ ಹೆಸರು ಕಂಡ್ರೆ ಅದು ಒರಿಜಿನಲ್ ಅಲ್ಲ ಅಂತ ಅರ್ಥ, ಒರಿಜಿನಲ್ ಅಲ್ಲದ್ದೆಲ್ಲ ಕೆಟ್ಟದ್ದು ಅಂತೇನಿಲ್ಲ, ಬ್ಲೂಟೂತ್ ಮತ್ತು ಮೈಕ್ ಇರೋ ಬೇರೆಯವರ ರಿಮೋಟೂ ಓಡತ್ತೆ, ಆದ್ರೆ ಪೇಜಿನ ಕೊನೇ ಸಾಲಿನ ತನಕ ಓದಿ. ವಿಮರ್ಶೆಗಳಲ್ಲಿ ನಕ್ಷತ್ರ ಎಣಿಸೋ ಬದಲು "ವಾಯ್ಸ್", "ಪೇರ್" ಅನ್ನೋ ಪದ ಹಾಕಿ ಹುಡುಕಿ, ನಿಮ್ಮದೇ ಸ್ಟಿಕ್ ಇರೋರು ಏನಂದಿದ್ದಾರೆ ನೋಡಿ. ವಾಪಸ್ ತಗೋತಾರಾ ಇಲ್ಲ ಬರೀ ಬದಲಿ ಕೊಡ್ತಾರಾ ಅದೂ ನೋಡಿ, ಡೂಪ್ಲಿಕೇಟಿಗೆ ಬದಲಿಯಾಗಿ ಇನ್ನೊಂದು ಡೂಪ್ಲಿಕೇಟ್ ಬಂದು ಏನು ಮಾಡೋದು. ಪಾರ್ಸೆಲ್ ಬಿಚ್ಚೋದನ್ನ ಫೋನಲ್ಲಿ ವಿಡಿಯೋ ಮಾಡಿಟ್ಕೊಳ್ಳಿ.

ಜೋಡಿಸೋದು ಸುಲಭ. ಹಳೇ ರಿಮೋಟೋ ಫೋನ್ ಆ್ಯಪೋ ಬಳಸಿ ಫೈರ್ ಟಿವಿ ಸೆಟ್ಟಿಂಗ್ಸಲ್ಲಿ ಕಂಟ್ರೋಲರ್ಸ್ ಆ್ಯಂಡ್ ಬ್ಲೂಟೂತ್ ಡಿವೈಸಸ್‌ಗೆ ಹೋಗಿ, ರಿಮೋಟ್ಸ್ ಅನ್ನೋದ್ರಲ್ಲಿ ಆ್ಯಡ್ ನ್ಯೂ ರಿಮೋಟ್ ಒತ್ತಿ, ಹೊಸದರ ಹೋಮ್ ಗುಂಡಿ 10 ಸೆಕೆಂಡ್ ಹಿಡೀರಿ. ಒಂದು ಸ್ಟಿಕ್ಕಿಗೆ 7 ರಿಮೋಟ್ ತನಕ ಸೇರಿಸ್ಬಹುದು, ಹಾಗಾಗಿ ಹಳೇದನ್ನ ಬಿಸಾಕ್ಬೇಡಿ. ನಮ್ಮನೆಯ ಮೈಕ್ ಸತ್ತ ರಿಮೋಟು ಈಗ ಅಪ್ಪನ ಪಾಲಿಗೆ, ಅವರಿಗೆ ಮೈಕ್ ಬೇಡ, ಇಬ್ಬರ ಜಗಳನೂ ನಿಂತಿದೆ. ಅದೇ ಜಾಗದಲ್ಲಿ ರಿಮೋಟಿನ ಸೆಲ್ ಎಷ್ಟಿದೆ ಅನ್ನೋದೂ ಕಾಣತ್ತೆ, ಊರಿಗೆ ಹೋದಾಗೆಲ್ಲ ಒಂದ್ಸಲ ನೋಡಿಟ್ಟು ಬನ್ನಿ. ತಿಂಗಳುಗಟ್ಟಲೆ ಮನೆ ಬೀಗ ಹಾಕೋದಾದ್ರೆ ಸೆಲ್ ತೆಗೆದಿಡಿ, ಕರಾವಳಿ ಕಡೆಯ ತೇವಕ್ಕೆ ಹಳೇ ಸೆಲ್ಲು ಸೋರಿ ಸ್ಪ್ರಿಂಗೆಲ್ಲ ಹಸಿರು ಕಟ್ಟಿಬಿಡತ್ತೆ.

ಹೊಸ ರಿಮೋಟ್ ಹಾಸನಕ್ಕೆ ಹೋಗಿ ಒಂದು ವಾರ ಚೆನ್ನಾಗಿತ್ತು. ಎಂಟನೇ ದಿನ ಅಮ್ಮನ ಫೋನು, "ಇದೂ ಕಿವುಡಾಯ್ತು ಕಣೋ." ನಾನು ಸೆಲ್ ಅಂದೆ, ಪೇರಿಂಗ್ ಅಂದೆ, ಸ್ಟಿಕ್ ಪ್ಲಗ್ ಕೀಳಿಸಿದೆ, ಅರ್ಧ ಗಂಟೆ ಆಯ್ತು. ಕೊನೆಗೆ ವಿಡಿಯೋ ಕಾಲ್ ಮಾಡಿ ತೋರ್ಸಮ್ಮ ಅಂದ್ರೆ ರಿಮೋಟಿಗೆ ಬಿಗಿಯಾಗಿ ಪ್ಲಾಸ್ಟಿಕ್ ಕವರ್ ಸುತ್ತಿ, ಎರಡೂ ತುದಿಗೆ ಸೆಲ್ಲೋಟೇಪ್ ಅಂಟಿಸಿ, ಮೇಲೊಂದು ರಬ್ಬರ್‌ಬ್ಯಾಂಡ್ ಬೇರೆ ಹಾಕಿದ್ರು, ಇನ್ನೊಂದ್ಸಲ ಮಷೀನಿಗೆ ಹೋದ್ರೂ ನೀರು ಹೋಗ್ಬಾರ್ದು ಅಂತ. ಮೈಕಿನ ತೂತಿನ ಮೇಲೆ ಟೇಪು ಎರಡು ಪದರ. ಅಪ್ಪ ದೇವರ ಮನೆಯಿಂದ ಹೊತ್ತಿಸಿದ ಊದಿನಕಡ್ಡಿ ತಂದು, ರಿಮೋಟನ್ನ ಕವರಿಂದ ಸ್ವಲ್ಪ ಕೆಳಗೆ ಜಾರಿಸಿ, ಮೈಕ್ ಬರೋ ಜಾಗಕ್ಕೆ ಸರಿಯಾಗಿ ಒಂದು ತೂತು ಸುಟ್ಟು ಮತ್ತೆ ಮೇಲಕ್ಕೆ ತಳ್ಳಿದ್ರು. ಅಮ್ಮ ಗುಂಡಿ ಒತ್ತಿ ಹಿಡ್ಕೊಂಡು "ಡಾಕ್ಟರ್ ರಾಜ್‌ಕುಮಾರ್ ಕನ್ನಡ ಮೂವೀಸ್" ಅಂದ್ರು, ಆಮೇಲೆ ಕೈಲಿದ್ದ ಫೋನನ್ನ ಹಾಗೇ ಟೀಪಾಯಿ ಮೇಲೆ ಬೋರಲು ಹಾಕಿ ಪಿಚ್ಚರ್ ನೋಡ್ತಾ ಕೂತ್ರು, ಕಾಲ್ ಕಟ್ ಮಾಡ್ಬೇಕು ಅನ್ನೋದೂ ಮರೆತು.